ಕಾವಲು ನಾಯಿಗೆ ಕಾವಲು ಯಾರು?

ನಮ್ಮ ಕುರಿ ಕೊಟ್ಟಿಗೆ ಹೊರಗಿನ ಹುಣಸೆ ಮರಕ್ಕೆ ಈಗಲೂ ಒಂದು ಸರಪಳಿ ಸುತ್ತಿದೆ. ಅಪ್ಪ ಎರಡು ಸಲ ಬಿಚ್ಚೋಕೆ ಹೋದರು. ನಾನೇ ಬೇಡ ಅಂದೆ.

ಅದಕ್ಕೆ ಕಟ್ಟುತ್ತಿದ್ದದ್ದು ಕರಿಯನನ್ನ. ನಾಟಿ ನಾಯಿ, ನಾಲ್ಕು ವರ್ಷದವನು, ಹೆಸರಿಗೆ ತಕ್ಕ ಬಣ್ಣ, ಎದೆ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ಹಗಲೆಲ್ಲ ಸ್ವತಂತ್ರ, ಕತ್ತಲಾದ ಮೇಲೆ ಮರಕ್ಕೆ. ‘ಅವನು ಬೊಗಳಿದ್ರೆ ನಮಗೆ ಎಚ್ಚರ ಆಗುತ್ತೆ’ ಅನ್ನೋದು ಮನೆಯ ಲೆಕ್ಕ. ಮಾಗಡಿ ತಾಲ್ಲೂಕಿನಲ್ಲಿ, ಸಾವನದುರ್ಗ ಕಣ್ಣಿಗೆ ಕಾಣೋ ನಮ್ಮೂರಲ್ಲಿ ಎಲ್ಲರ ಮನೆ ಲೆಕ್ಕವೂ ಅದೇ.

ಎರಡು ವರ್ಷದ ಹಿಂದೆ, ರಾಗಿ ಒಕ್ಕಣೆ ಮುಗಿದಿದ್ದ ಹೊತ್ತು. ಬೆಳಗಿನ ಜಾವ ಕರಿಯ ಎರಡು ಸಲ ಬೊಗಳಿದ. ಆಮೇಲೆ ಒಂದೇ ಒಂದು ಕೂಗು. ನಾನು ಟಾರ್ಚ್ ಹುಡುಕಿ, ಅಪ್ಪ ಬಾಗಿಲು ತೆಗೆದು ಹೊರಗೆ ಬರೋ ಅಷ್ಟರಲ್ಲಿ ಸರಪಳಿ ಒಂದೇ ಮಣ್ಣಲ್ಲಿ ಬಿದ್ದಿತ್ತು. ಬೆಲ್ಟ್ ಹರಿದಿತ್ತು. ಎಳಕೊಂಡು ಹೋದ ಗುರುತು ಬದುವಿನವರೆಗೂ ಇತ್ತು. ಒಳಗಿದ್ದ ಇಪ್ಪತ್ತನಾಲ್ಕು ಕುರಿಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

‘ಕುರಿ ಉಳೀತಲ್ಲ, ಬಿಡಿ’ ಅಂತ ಬಂದವರೆಲ್ಲ ಸಮಾಧಾನ ಹೇಳಿದರು. ಪಕ್ಕದ ಹೊಲದ ತಾತ ಮಾತ್ರ ಹಾಗೆ ಹೇಳಲಿಲ್ಲ. ಎಪ್ಪತ್ತು ದಾಟಿದ ಜೀವ, ಹುಟ್ಟಿದಾಗಿನಿಂದ ಕುರಿ ಜೊತೆಗೇ ಬದುಕಿದವರು. ಸರಪಳೀನ ಕೋಲಿನ ತುದಿಯಲ್ಲಿ ಎತ್ತಿ ನೋಡಿ ಹೇಳಿದರು: “ನೀನು ಕಾವ್ಲಿಗೆ ನಾಯಿ ಕಟ್ಟಿರ್ಲಿಲ್ಲ ಕನವ್ವ. ಚಿರ್ತೆಗೆ ಬುತ್ತಿ ಕಟ್ಟಿದ್ದೆ.”

ಆ ಮಾತು ತಿಂಗಳುಗಟ್ಟಲೆ ನಿದ್ದೆಗೆಡಿಸಿತು. ಯಾಕಂದ್ರೆ ಅದು ನಿಜ. ಆ ನಾಯಿ ಓಡೋಕೂ ಆಗದ ಹಾಗೆ ಕಟ್ಟಿದ್ದು ನಾನೇ, ಈ ಕೈಯಿಂದಲೇ.

ಆಮೇಲೆ ಓದ್ತಾ ಹೋದ ಹಾಗೆ ತಾತನ ಮಾತಿಗೆ ವಿಜ್ಞಾನದ ಸಾಕ್ಷಿಯೂ ಸಿಕ್ಕಿತು. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ, ಕಾಡಲ್ಲದ ಕಬ್ಬಿನ ಸೀಮೆಯಲ್ಲಿ, ಚಿರತೆಗಳು ಏನು ತಿಂತಾವೆ ಅಂತ ಅವುಗಳ ಹಿಕ್ಕೆ ಪರೀಕ್ಷಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆಹಾರದ ತೂಕದಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳು. ಅದರಲ್ಲಿ ನಾಯಿಯೊಂದೇ ಶೇ 39. ಅಲ್ಲಿ ಆಡುಗಳ ಸಂಖ್ಯೆ ನಾಯಿಗಿಂತ ಎಷ್ಟೋ ಹೆಚ್ಚಿದ್ದರೂ ಚಿರತೆಗೆ ಹೆಚ್ಚು ಸಿಕ್ಕಿದ್ದು ನಾಯಿ. ಕಾರಣ ಕಷ್ಟದ್ದಲ್ಲ. ಆಡನ್ನ ರಾತ್ರಿ ಒಳಗೆ ಕೂಡುತ್ತೇವೆ, ನಾಯಿನ ಹೊರಗೆ ಬಿಡುತ್ತೇವೆ.

ನಮ್ಮ ಕಡೆ ಚಿರತೆ ಹೊಸದಲ್ಲ. ರಾಮನಗರದ ಬಂಡೆ ಬೆಟ್ಟಗಳು, ಮಾಗಡಿಯ ಕುರುಚಲು ಕಾಡು, ಕನಕಪುರದಾಚೆ ಕಾವೇರಿ ವನ್ಯಧಾಮ ಎಲ್ಲ ಅದರ ಸೀಮೆಯೇ. 2020ರ ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನಲ್ಲೇ ಒಂದು ಮಗು, ಒಬ್ಬ ಅಜ್ಜಿ ಚಿರತೆಗೆ ಬಲಿಯಾದಾಗ ಸಂಜೆ ಆರಕ್ಕೇ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಈಗ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಗಿದೆ. ಚಿರತೆಗೆ ಅದನ್ನ ಇನ್ನೂ ಯಾರೂ ತಿಳಿಸಿದ ಹಾಗಿಲ್ಲ.

ಯೂಟ್ಯೂಬ್ ನಾಯಿ

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡ್ತೀನಿ. ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವಳು ನಾನು. ಕಂಪನಿ ವಾರಕ್ಕೆ ಎರಡೇ ದಿನ ಆಫೀಸಿಗೆ ಬನ್ನಿ ಅಂದಿದ್ದರಿಂದ ಇಲ್ಲೇ ಉಳಿದೆ. ಮೀಟಿಂಗ್ ಮಧ್ಯೆ ಕುರಿ ಬೇಲಿ ನುಗ್ಗಿ ಪಕ್ಕದವರ ಹುರುಳಿ ಮೇಯ್ದ ಒಂದು ದಿನ, ಯೂಟ್ಯೂಬಿನಲ್ಲಿ ಒಂದು ವಿಡಿಯೊ ಕಂಡಿತು. ಹಸಿರು ಗುಡ್ಡ, ಇನ್ನೂರು ಕುರಿ, ಒಬ್ಬ ಮುದುಕ, ಒಂದು ಸೀಟಿ. ಕಪ್ಪು ಬಿಳಿ ನಾಯಿಯೊಂದು ನೆಲಕ್ಕೆ ಹೊಟ್ಟೆ ತಾಗಿಸಿ ಸುತ್ತು ಹೊಡೆದು ಅಷ್ಟೂ ಕುರಿನ ಗೇಟಿನೊಳಗೆ ತಂದು ಬಿಡ್ತು. ಆ ವಿಡಿಯೊ ಎಷ್ಟು ಸಲ ನೋಡಿದೆನೋ. ಆರು ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಬಾರ್ಡರ್ ಕೋಲಿ ಮರಿ ನಮ್ಮ ಮನೆಯಲ್ಲಿತ್ತು. ಬೆಲೆ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಕೋಲಿ ಕುರಿ ಓಡಿಸೋದು ಹೇಗೆ ಅನ್ನೋದು ನಿಜಕ್ಕೂ ರೋಚಕ. ತೋಳ ಬೇಟೆ ಆಡುವಾಗ ದಿಟ್ಟಿಸುತ್ತೆ, ಹೊಂಚುತ್ತೆ, ಅಟ್ಟುತ್ತೆ, ಹಿಡಿಯುತ್ತೆ, ಕೊಲ್ಲುತ್ತೆ. ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿ, ಕೋಲಿಯಲ್ಲಿ ಮೊದಲ ಮೂರನ್ನ ಉಳಿಸಿ ಕೊನೆಯದನ್ನ ಅಡಗಿಸಿದ್ದಾರೆ. ಕುರಿಗೆ ಕಾಣೋದು ತೋಳದ ಕಣ್ಣೇ, ಅದಕ್ಕೇ ಅದು ಸರಿಯುತ್ತೆ. ವೇಲ್ಸ್‌ನ ಬಾಲಾ ಊರಿನಲ್ಲಿ 1873ರಲ್ಲೇ ಈ ನಾಯಿಗಳಿಗೆ ಸ್ಪರ್ಧೆ ನಡೆದಿತ್ತು. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್‌ನಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಅನ್ನೋ ನಾಯಿನ ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ ಅಂತಾರೆ. ಗಡಿಯಾರದ ದಿಕ್ಕಿಗೆ ಸುತ್ತು ಅನ್ನೋಕೆ ‘ಕಮ್ ಬೈ’, ಎದುರು ದಿಕ್ಕಿಗೆ ‘ಅವೇ’. ಎರಡನ್ನೂ ನಾನು ಬಾಯಿಪಾಠ ಮಾಡಿದ್ದೆ.

ಆದರೆ ಅದು ಬೇಲಿ ಇಲ್ಲದ ದೊಡ್ಡ ಗುಡ್ಡದ ಕೆಲಸ. ನಮ್ಮದು ಮುಕ್ಕಾಲು ಎಕರೆ ಬೀಳು, ಆ ಕಡೆ ರಾಗಿ, ಈ ಕಡೆ ಅವರೆ, ಮಧ್ಯೆ ಮಾವಿನ ಗಿಡ. ಇಷ್ಟು ಇಕ್ಕಟ್ಟಿನಲ್ಲಿ ಕೋಲಿ ಅಟ್ಟಿದರೆ ಕುರಿ ಹೋಗೋದು ಪಕ್ಕದವರ ಹೊಲಕ್ಕೇ. ನಮ್ಮ ಕುರಿಗೂ ನಾಯಿ ಕಣ್ಣಿಗೆ ಸರಿದು ಅಭ್ಯಾಸ ಇಲ್ಲ, ಅವು ತಾತನ ಬಾಯಿಗೆ ನಡೆಯೋ ಕುರಿ. ನಾಲಗೆ ಮಡಚಿ ಒಂದು ಶಬ್ದ ಮಾಡಿದರೆ ನಿಲ್ತವೆ, ಇನ್ನೊಂದಕ್ಕೆ ಹಿಂದೆ ಬರ್ತವೆ. ನನ್ನ ಕೋಲಿ ದಿನವಿಡೀ ಅವುಗಳ ಸುತ್ತ ಓಡಿತು. ಗಬ್ಬದ ಕುರಿಯೊಂದು ಗಾಬರಿಯಲ್ಲಿ ಓಡಿ, ಎರಡು ದಿನಕ್ಕೆ ಕಂದು ಹಾಕಿತು. ಓಟವೇ ಕಾರಣ ಅಂತ ಪ್ರಮಾಣ ಮಾಡಲಾರೆ. ಅಪ್ಪನ ಮುಖ ನೋಡಿದರೆ ಪ್ರಮಾಣ ಬೇಕಿರಲಿಲ್ಲ.

ಕೋಲಿ ಸಾಕಿರೋರು ಇದೊಂದನ್ನ ದಯವಿಟ್ಟು ತಲೆಯಲ್ಲಿಟ್ಟುಕೊಳ್ಳಿ. ಕುರಿಗೆ ಹುಳು, ಉಣ್ಣೆಗೆ ಅಂತ ಕೊಡೋ ಐವರ್ಮೆಕ್ಟಿನ್ ಈ ತಳಿಯ ಕೆಲವು ನಾಯಿಗಳ ಮಿದುಳಿಗೆ ನೇರ ವಿಷ. ಅವುಗಳ ಒಂದು ವಂಶವಾಹಿಯಲ್ಲಿ ದೋಷ ಇರೋದರಿಂದ ಔಷಧಿ ಮಿದುಳಿಗೆ ಹೋಗದ ಹಾಗೆ ತಡೆಯೋ ವ್ಯವಸ್ಥೆ ಕೆಲಸ ಮಾಡಲ್ಲ. ಕುರಿ ಔಷಧಿಯ ಡಬ್ಬ ನಾಯಿ ಬಾಯಿಗೆ ಸಿಗಬಾರದು.

ಕೋಲಿಯ ಕಥೆ ಸುಖಾಂತವೇ. ದಿನಾ ಬೆಳಗ್ಗೆ ಹತ್ತು ಕಿಲೋಮೀಟರ್ ಓಡೋ ಸಹೋದ್ಯೋಗಿಯೊಬ್ಬರು ತಗೊಂಡು ಹೋದರು. ಇಬ್ಬರೂ ಚೆನ್ನಾಗಿದ್ದಾರೆ.

ಕಲಿಸೋದಲ್ಲ, ಬೆಳೆಸೋದು

ಕರಿಯ ಹೋದ ಮೇಲೆ ಇನ್ನು ನಾಯಿ ಬೇಡ ಅಂತಿದ್ದೆ. ತಾತನೇ ಒಂದು ದಿನ ಟವೆಲ್‌ನಲ್ಲಿ ಸುತ್ತಿ ಹೆಣ್ಣು ಮರಿಯೊಂದನ್ನ ತಂದರು. ಅವರ ನಾಯಿಯದ್ದೇ ಮರಿ, ಕಣ್ಣು ಬಿಟ್ಟು ತಿಂಗಳಾಗಿತ್ತು. ನಾನು ‘ಸಿಟ್, ಸ್ಟೇ’ ಕಲಿಸೋದು ಯಾವಾಗಿನಿಂದ ಅಂತ ಕೇಳಿದೆ.

“ನಾಯ್ಗೆ ಕುರಿ ಕಾಯೋದ ಯಾರೂ ಕಲ್ಸಾಕಿಲ್ಲ ಕನವ್ವ. ಕುರಿ ಜೊತೇಲಿ ಬೆಳುಸ್ಬೇಕು. ಅದ್ಕೆ ಅವೇ ಅಣ್ಣ ತಮ್ಮ ಆಗ್ಬೇಕು.”

ಮರಿ ಮನೆಯೊಳಗೆ ಬರಲಿಲ್ಲ. ಕೊಟ್ಟಿಗೆ ಮೂಲೆಯಲ್ಲಿ ಬಿದಿರು ತಡಿಕೆ ಕಟ್ಟಿ, ತಾಯಿ ಬಿಟ್ಟ ಎರಡು ಕುರಿಮರಿ ಪಕ್ಕದಲ್ಲೇ ಅದಕ್ಕೆ ಜಾಗ. ಊಟವೂ ಅಲ್ಲೇ, ರಾಗಿ ಅಂಬಲಿಗೆ ಹಾಲು, ಆಮೇಲೆ ಮುದ್ದೆ, ಬೇಯಿಸಿದ ಮೊಟ್ಟೆ. ನಾವು ದಿನಕ್ಕೆ ಎರಡು ಮೂರು ಸಲ ಹೋಗಿ ಮೈ ಸವರಿ ಬರೋದು, ಎತ್ತಿಕೊಂಡು ಮುದ್ದಾಡೋ ಹಾಗಿಲ್ಲ. ನನಗೆ ಇದು ಬಹಳ ಕಷ್ಟ ಆಯಿತು. ಬೆಳ್ಳಿ ಅಂತ ಹೆಸರಿಟ್ಟಿದ್ದೆ, ಇನ್‌ಸ್ಟಾಗ್ರಾಮ್‌ಗೆ ಹೇಳಿ ಮಾಡಿಸಿದ ಮುಖ.

ತಾತ ಹೇಳಿದ್ದನ್ನೇ ಅಮೆರಿಕದ ಹ್ಯಾಂಪ್‌ಷೈರ್ ಕಾಲೇಜಿನ ರೇಮಂಡ್ ಕೊಪಿಂಜರ್, ಲೋರ್ನಾ ಕೊಪಿಂಜರ್ ದಂಪತಿ 1970ರ ದಶಕದಿಂದ ನೂರಾರು ನಾಯಿಗಳನ್ನ ರೈತರಿಗೆ ಕೊಟ್ಟು ನೋಡಿ ಬರೆದಿದ್ದಾರೆ. ಮರಿಗೆ ಸುಮಾರು ನಾಲ್ಕು ತಿಂಗಳು ತುಂಬೋದರೊಳಗೆ ಯಾರ ಜೊತೆ ಬೆಳೆಯುತ್ತೋ ಅವರೇ ಅದಕ್ಕೆ ಬಳಗ. ಆ ಕಿಟಕಿ ಮುಚ್ಚಿದ ಮೇಲೆ ಎಷ್ಟು ತರಬೇತಿ ಕೊಟ್ಟರೂ ಅಷ್ಟಕ್ಕಷ್ಟೆ. ನಮೀಬಿಯಾದಲ್ಲಿ ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ಟರ್ಕಿ ಮೂಲದ ದೊಡ್ಡ ಕಾವಲು ನಾಯಿಗಳನ್ನ ಹೀಗೇ ಆಡು ಕುರಿ ಜೊತೆ ಬೆಳೆಸಿ ರೈತರಿಗೆ ಕೊಡ್ತಾ ಇದ್ದಾರೆ. ಕುರಿ ಉಳಿದರೆ ರೈತ ಚೀತಾಗೆ ಗುಂಡು ಹಾರಿಸಲ್ಲ ಅನ್ನೋದು ಲೆಕ್ಕ.

ಅಂದರೆ ಲೋಕದಲ್ಲಿ ಕುರಿ ನಾಯಿ ಎರಡು ಥರ. ಒಂದು ಓಡಿಸೋದು, ಇನ್ನೊಂದು ಜೊತೆಗಿರೋದು. ಮೊದಲನೆಯದಕ್ಕೆ ಬೇಟೆಯ ಹಸಿವು ಬೇಕು, ಎರಡನೆಯದಕ್ಕೆ ಅದು ಇರಲೇಬಾರದು. ನಮ್ಮ ಸೀಮೆಯ ಕುರಿಗಾಹಿಗಳಿಗೆ ಬೇಕಿದ್ದದ್ದು ಯಾವಾಗಲೂ ಎರಡನೆಯದೇ. ನಾನು ದುಡ್ಡು ಕೊಟ್ಟು ತಂದಿದ್ದು ಮೊದಲನೆಯದನ್ನ.

‘ಮುಧೋಳ ತರಬಹುದಿತ್ತಲ್ಲ’ ಅಂತ ಗೆಳತಿಯರು ಕೇಳ್ತಾರೆ. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದ ನಮ್ಮ ಹೆಮ್ಮೆಯ ತಳಿ ಅದು, ಒಪ್ಪಿದೆ. ಆದರೆ ಅದು ಓಟದ ನಾಯಿ, ಕಣ್ಣಿಗೆ ಬಿದ್ದ ಮೊಲದ ಹಿಂದೆ ಹಾರೋದು ಅದರ ರಕ್ತದಲ್ಲಿದೆ. ನಮ್ಮ ಅರ್ಧ ಎಕರೆ ಮುಕ್ಕಾಲು ಎಕರೆಗೆ ಊರ ನಾಯಿಯೇ ಸಾಕು ಅನ್ನೋದು ನನ್ನ ಅನಿಸಿಕೆ.

ಏಳನೇ ತಿಂಗಳು

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಐದು ತಿಂಗಳಿಗೆ ಬೆಳ್ಳಿ ಮಂದೆ ಜೊತೆ ಹೊರಡೋಕೆ ಶುರು ಮಾಡಿದಳು, ಕೊರಳಿಗೆ ಹತ್ತು ಅಡಿ ಹಗ್ಗ, ತುದಿ ನೆಲದಲ್ಲಿ ಎಳೀತಾ ಇರುತ್ತೆ. ಕುರಿ ಹಿಂದೆ ಓಡಿದಳು ಅಂದ್ರೆ ಹಗ್ಗದ ಮೇಲೆ ಕಾಲಿಟ್ಟು ‘ಬ್ಯಾಡಾ’ ಅನ್ನೋದು. ನಿಂತರೆ ಬೆನ್ನು ತಟ್ಟೋದು. ಅಷ್ಟೇ ಪಾಠ. ಕರೆದರೆ ಬರೋದು, ಬ್ಯಾಡ ಅಂದ್ರೆ ಬಿಡೋದು, ಈ ಎರಡು ಬಂದರೆ ಉಳಿದದ್ದು ತಾನಾಗೇ ಬರುತ್ತೆ ಅಂತ ತಾತ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಕ್ಲೈಂಟ್ ಕಾಲ್‌ನಲ್ಲಿದ್ದೆ. ಬೆಳ್ಳಿ ಆಟಕ್ಕೆ ಅಂತ ಒಂದು ಮರಿಯ ಕಿವಿ ಹಿಡಿದು ಎಳೆದಿದ್ದಾಳೆ. ನಾನು ಹೋಗಿ ನೋಡೋವಾಗ ಕಿವಿ ಅರ್ಧ ಹರಿದು ರಕ್ತ ಸುರೀತಿತ್ತು. ಅಪ್ಪ ಕೋಲು ಎತ್ತಿಕೊಂಡು ಬಂದರು. “ರಕ್ತದ ರುಚಿ ಹತ್ತೋಯ್ತು, ಇನ್ನು ಇದನ್ನ ಇಟ್ಕಂಬಾರ್ದು.” ನನಗೂ ಹಾಗೇ ಅನಿಸಿತು, ಸುಳ್ಳು ಹೇಳಲ್ಲ.

ತಾತ ಬಂದು ಅಪ್ಪನ ಕೈಯಿಂದ ಕೋಲು ಇಸಕೊಂಡರು. “ಹರೇದ ಹುಡ್ಗಿ ಕನಪ್ಪ ಅದು. ಹೊಡದ್ರೆ ಕುರಿ ಕಂಡ್ರೆ ಹೆದರ್ತದೆ, ಆಮ್ಯಾಕೆ ಕುರಿ ತಾವ್ಕೇ ಹೋಗಾಕಿಲ್ಲ.” ಹೊಡೆಯೋ ಬದಲು ಅವರು ಮಾಡಿದ್ದು ಎರಡೇ. ಚಿಕ್ಕ ಮರಿಗಳನ್ನ ಬೇರೆ ಮಾಡಿ, ಬೆಳ್ಳಿನ ಎರಡು ಗಡುಸಾದ ಟಗರುಗಳ ಜೊತೆ ಹಾಕಿದರು. ಕೊರಳಿಗೆ ಮುಂಗಾಲಿಗೆ ಬಡಿಯೋ ಹಾಗೆ ಒಂದು ಕಟ್ಟಿಗೆ ತುಂಡು ನೇತು ಹಾಕಿದರು, ನಡೆಯೋಕೆ ಅಡ್ಡಿ ಇಲ್ಲ, ಓಡೋಕೆ ಆಗಲ್ಲ. ಮೂರನೇ ದಿನ ಒಂದು ಟಗರು ಸರಿಯಾಗಿ ಗುದ್ದಿತು. ಆ ಒಂದು ಗುದ್ದಿನಲ್ಲಿ ಕಲಿತಷ್ಟು ಅವಳು ನಮ್ಮಿಂದ ಆರು ತಿಂಗಳಲ್ಲಿ ಕಲಿತಿರಲಿಲ್ಲ. ವರ್ಷ ತುಂಬೋ ಹೊತ್ತಿಗೆ ಕುರಿ ಈದರೆ ಎರಡು ಮಾರು ದೂರ ಕೂತು, ಕಾಗೆ ಹದ್ದು ಹತ್ತಿರ ಬರದ ಹಾಗೆ ನೋಡಿಕೊಳ್ಳೋಳು.

ಸುತ್ತು ಹೊಡೆದ ಕುರಿ

ಆ ವರ್ಷ ಮಳೆಗಾಲದಲ್ಲಿ ಒಂದು ಕುರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆ ಸುತ್ತೋಕೆ ಶುರು ಮಾಡಿತು. ಬೇಲಿಗೆ ಹೋಗಿ ಡಿಕ್ಕಿ ಹೊಡೆಯೋದು, ಮೇವು ಮುಂದಿದ್ದರೂ ಕಾಣದು. ಗಾಳಿ ಸೋಕಿದೆ ಅಂದರು ಕೆಲವರು. ಪಶು ವೈದ್ಯರು ಬಂದು ನೋಡಿ ಮೊದಲು ಕೇಳಿದ ಪ್ರಶ್ನೆ: “ನಾಯಿಗೆ ಹುಳದ ಮಾತ್ರೆ ಯಾವಾಗ ಹಾಕಿದ್ರಿ?”

ಹಾಕಿರಲೇ ಇಲ್ಲ. ಕರಿಯನಿಗೂ ಯಾವತ್ತೂ ಹಾಕಿರಲಿಲ್ಲ.

ಇದಕ್ಕೆ ಗಿಡ್ ಅಂತ ಹೆಸರು. ನಾಯಿಯ ಕರುಳಿನಲ್ಲಿರೋ ಒಂದು ಲಾಡಿಹುಳುವಿನ ಮೊಟ್ಟೆ ಅದರ ಮಲದ ಜೊತೆ ಹುಲ್ಲಿಗೆ ಬೀಳುತ್ತೆ. ಕುರಿ ಆ ಹುಲ್ಲು ಮೇಯುತ್ತೆ. ಮರಿಹುಳು ರಕ್ತದಲ್ಲಿ ಮಿದುಳಿಗೆ ಹೋಗಿ, ಅಲ್ಲಿ ನೀರು ತುಂಬಿದ ಗುಳ್ಳೆಯಾಗಿ ತಿಂಗಳುಗಟ್ಟಲೆ ದೊಡ್ಡದಾಗ್ತಾ ಹೋಗುತ್ತೆ. ಅದು ಒತ್ತಿದ ಕಡೆಗೆ ಕುರಿ ಸುತ್ತುತ್ತೆ. ಆ ಕುರಿ ಸತ್ತು, ತಲೆಯನ್ನ ನಾಯಿ ತಿಂದರೆ ಹುಳು ಮತ್ತೆ ನಾಯಿ ಕರುಳು ಸೇರಿ ಚಕ್ರ ಪೂರ್ತಿಯಾಗುತ್ತೆ. ನಾನು ಸತ್ತ ಮರಿಗಳನ್ನ ಬೇಲಿಯಾಚೆ ಎಸೀತಿದ್ದೆ. ಊರ ನಾಯಿಗಳೂ ಬರೋವು, ನಮ್ಮದೂ ಹೋಗೋದು. ಯಾವ ನಾಯಿಯಿಂದ ಬಂತು ಅಂತ ಈಗ ಹೇಳೋಕಾಗಲ್ಲ. ಆ ಕುರಿ ಉಳಿಯಲಿಲ್ಲ.

ಚಿರತೆ ಕಣ್ಣಿಗೆ ಕಾಣುತ್ತೆ, ಪೇಪರ್‌ನಲ್ಲಿ ಬರುತ್ತೆ. ಇದು ಯಾರಿಗೂ ಕಾಣಲ್ಲ. ಕುರಿ ಕಾಯೋಕೆ ಅಂತ ಇಟ್ಟ ನಾಯಿಯೇ ಕುರಿ ಸಾವಿಗೆ ದಾರಿ ಆಗಬಹುದು, ಅದೂ ಅದರದ್ದೇನೂ ತಪ್ಪಿಲ್ಲದೆ. ಈಗ ಮೂರು ತಿಂಗಳಿಗೊಮ್ಮೆ ಬೆಳ್ಳಿಗೆ ಪ್ರಾಜಿಕ್ವಾಂಟೆಲ್ ಇರೋ ಮಾತ್ರೆ, ತೂಕ ನೋಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಫೋನಿನಲ್ಲಿ ರಿಮೈಂಡರ್ ಇದೆ, ಸ್ಪ್ರಿಂಟ್ ರಿವ್ಯೂ ಜೊತೆಗೇ ಬರುತ್ತೆ. ಸತ್ತ ಕುರಿನ ಆಳವಾಗಿ ಹೂಳ್ತೀವಿ, ಮೇಲೆ ಸುಣ್ಣ. ಹಸಿ ಮಾಂಸ, ತಲೆ, ಕರುಳು ನಾಯಿಗೆ ಬಿಲ್ಕುಲ್ ಇಲ್ಲ. ಮೂರು ತಿಂಗಳ ಮರಿಯಾಗಿದ್ದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ. ಮಂದೆ ನಾಯಿ ನರಿ, ಬೀದಿ ನಾಯಿ ಎಲ್ಲದರ ಜೊತೆ ಜಗಳ ಆಡೋದು, ಇದನ್ನ ತಪ್ಪಿಸೋ ಹಾಗೇ ಇಲ್ಲ. ಯಾರಿಗಾದರೂ ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು, ಅರಿಶಿನ ಮೆಣಸಿನಪುಡಿ ಅಂತ ಕೂರಬಾರದು.

ರಾತ್ರಿ

ಬೆಳ್ಳಿ ರಾತ್ರಿ ಮಲಗೋದು ಕೊಟ್ಟಿಗೆ ಒಳಗೆ, ಕುರಿಗಳ ಮಧ್ಯೆ. ಸರಪಳಿ ಇಲ್ಲ. ಗೋಡೆ ಮೇಲೆ ಸೂರಿನವರೆಗೂ ಕಬ್ಬಿಣದ ಜಾಲರಿ ಹಾಕಿಸಿದ್ದೀವಿ, ಚಿರತೆಗೆ ಏಳೆಂಟು ಅಡಿ ಗೋಡೆ ಯಾವ ಲೆಕ್ಕವೂ ಅಲ್ಲ. ಬಾಗಿಲಿಗೆ ಒಳಗೂ ಹೊರಗೂ ಚಿಲಕ. ನಾಯಿಯ ಕೆಲಸ ಚಿರತೆ ಜೊತೆ ಹೊಡೆದಾಡೋದಲ್ಲ, ನಮ್ಮನ್ನ ಎಬ್ಬಿಸೋದು. ಎಬ್ಬಿಸೋಕೆ ಅವಳು ಜೀವಂತ ಇರಬೇಕು, ಇಷ್ಟು ಸರಳ ವಿಷಯ ಹೊಳೆಯೋಕೆ ಕರಿಯ ಹೋಗಬೇಕಾಯಿತು.

ಹಿಮಾಲಯದ ಕಡೆ ಕುರಿಗಾಹಿಗಳು ನಾಯಿ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕ್ತಾರೆ, ಚಿರತೆ ಹಿಡಿಯೋದು ಕೊರಳನ್ನೇ ಅಲ್ವಾ. ನಾನೂ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾಡಿಸಿದೆ. ಒಂದೇ ರಾತ್ರಿಯಲ್ಲಿ ಎರಡು ಕುರಿಗಳ ಮೈ ಗೀರಿತು, ನನ್ನ ಮೊಣಕಾಲಲ್ಲೂ ಗುರುತಿದೆ. ಒಳಗೆ ಮಲಗೋ ನಾಯಿಗೆ ಅದು ಬೇಡ. ಬೆಟ್ಟದಂಚಿಗೆ ಮೇಯೋಕೆ ಹೋಗೋ ದಿನ ಮಾತ್ರ ಹಾಕ್ತೀವಿ. ಕನಕಪುರ, ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಇನ್ನೊಂದು ಕಷ್ಟ ಇದೆ, ಆನೆ. ನಾಯಿ ಆನೆಗೆ ಬೊಗಳಿ, ಅದು ಅಟ್ಟಿದಾಗ ನೇರ ಯಜಮಾನನ ಹತ್ತಿರಕ್ಕೇ ಓಡಿ ಬರುತ್ತೆ. ಕರೆದ ತಕ್ಷಣ ಬಾಯಿ ಮುಚ್ಚಿ ಬರೋ ನಾಯಿ ಅಲ್ಲದಿದ್ದರೆ ಅಂಥ ಕಡೆಗೆ ಕರೆದುಕೊಂಡು ಹೋಗದಿರೋದೇ ವಾಸಿ.

ಕಳೆದ ತಿಂಗಳು ಒಂದು ರಾತ್ರಿ ಎರಡೂವರೆಗೆ ಬೆಳ್ಳಿ ಬೊಗಳಿದಳು. ಬೀದಿ ನಾಯಿಗೆ ಬೊಗಳೋ ಥರ ಅಲ್ಲ, ಕತ್ತಿನಿಂದ ಎಳೆದು ಎಳೆದು. ಲೈಟ್ ಹಾಕಿ, ತಗಡು ಬಡಿದೆವು. ಬೆಳಗ್ಗೆ ಹುಣಸೆ ಮರದ ಬುಡದಲ್ಲಿ ಹೆಜ್ಜೆ ಗುರುತು, ಸರಪಳಿಯ ಸುತ್ತ ಒಂದು ಸುತ್ತು ಬಂದು ಹೋಗಿತ್ತು. ಒಳಗೆ ಇಪ್ಪತ್ತೊಂಬತ್ತು ಕುರಿ, ಒಂದು ನಾಯಿ, ಲೆಕ್ಕ ಸರಿ ಇತ್ತು.

ಅವತ್ತೇ ಮಾತ್ರೆ ಹಾಕೋ ದಿನವೂ ಆಗಿತ್ತು. ತಾತನ ಎರಡು ನಾಯಿಗೂ ಅಂತ ಹೆಚ್ಚಿಗೆ ತಂದಿದ್ದೆ. “ನಮ್ ಕಾಲ್ದಾಗೆ ಯಾವ್ ನಾಯಿ ಮಾತ್ರೆ ನುಂಗಿತ್ತು?” ಅಂತ ಅವರು ಗೊಣಗಿದರು. ಸುತ್ತು ಹೊಡೆದ ಕುರಿ ವಿಷಯ ಮತ್ತೊಂದು ಸಲ ಹೇಳಿದೆ. ಅವರ ಮಂದೆಯಲ್ಲೂ ಅಂಥವು ವರ್ಷಕ್ಕೊಂದೆರಡು ಸಾಯ್ತಿದ್ದವಂತೆ, ಗಾಳಿ ಅಂದುಕೊಂಡಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ಚಾಚಿ ಮಾತ್ರೆ ಇಸಕೊಂಡು, ಮುದ್ದೆ ಒಳಗೆ ಅಮುಕಿ ಇಟ್ಟರು. ನಾಯಿ ಗುಳುಕ್ ಅಂತ ಮುದ್ದೆ ನುಂಗಿ, ಮಾತ್ರೆಯನ್ನ ಮಾತ್ರ ಅವರ ಕಾಲ ಹತ್ತಿರ ಉಗುಳಿತು.

“ನೋಡ್ದಾ” ಅಂದರು ತಾತ, ಇನ್ನೊಂದು ಮುದ್ದೆ ಮುರೀತಾ.